ನೆಬ್ಯುಲೈಸರ್ ನಿಲ್ಲಿಸೋಕೆ ಹೊರಟಾಗ

ಐದು ತಿಂಗಳ ಮಗು. ಮೂಗು ಸೋರುತ್ತಿತ್ತು, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು, ಎದೆಯಲ್ಲಿ ಸುಯ್ ಸುಯ್ ಸದ್ದು. ಕೇಸ್ ಶೀಟಿನಲ್ಲಿ ‘ಸಾಲ್ಬುಟಮಾಲ್ ನೆಬ್ಯುಲೈಸೇಶನ್, 6 ಗಂಟೆಗೊಮ್ಮೆ’ ಅಂತ ಬರೆದಿತ್ತು, ಅಂದರೆ ಆ ಔಷಧಿಯನ್ನು ಮಂಜಿನಂತೆ ಮಾಡಿ ಮಾಸ್ಕಿನಿಂದ ಉಸಿರಿಗೆ ಕೊಡುವುದು. ರೌಂಡ್ಸಿನಲ್ಲಿ ಪಿ.ಜಿ. (ಸ್ನಾತಕೋತ್ತರ) ಓದುತ್ತಿದ್ದ ಡಾಕ್ಟರ್ ಹುಡುಗನನ್ನು ಯಾಕೆ ಅಂತ ಕೇಳಿದೆ. “ವೀಜ್ ಇದೆ ಮೇಡಂ” ಅಂದ. ಆ ಸುಯ್ ಸುಯ್ ಸದ್ದಿಗೆ ನಾವು ಹೇಳುವ ಹೆಸರು ಅದು.

ಇದು ಬ್ರಾಂಕಿಯೊಲೈಟಿಸ್. ಎರಡು ವರ್ಷದೊಳಗಿನ ಮಕ್ಕಳಿಗೆ ವೈರಸ್‌ನಿಂದ ಬರುವ ಕಾಯಿಲೆ, ಜಾಸ್ತಿ ಸಲ ಆರ್‌ಎಸ್‌ವಿ ವೈರಸ್‌ನಿಂದ. ಅಸ್ತಮಾದಲ್ಲಿ ಶ್ವಾಸನಾಳದ ಸ್ನಾಯು ಬಿಗಿಯುತ್ತದೆ, ಸಾಲ್ಬುಟಮಾಲ್ ಅದನ್ನು ಸಡಿಲಿಸುತ್ತದೆ. ಇಲ್ಲಿ ಸಣ್ಣ ನಾಳಗಳ ಒಳಗೋಡೆಯೇ ಊದಿಕೊಂಡು ಕಫ ಕಟ್ಟಿಕೊಂಡಿರುತ್ತದೆ. ಆ ಔಷಧಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಕೊಡಬೇಡಿ ಅಂತ ಹೇಳಿತ್ತು. ನಾನೇ ಅದನ್ನು ಕ್ಲಾಸಿನಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ. ಆದರೆ ಅವತ್ತು ಸಂಜೆ ಹಳೆಯ ಕೇಸ್ ಶೀಟುಗಳನ್ನು ತೆಗೆದು ಕೂತರೆ, ನಾನು ಸಹಿ ಮಾಡಿದ್ದರಲ್ಲೂ ಅದೇ ಆರ್ಡರ್ ಇತ್ತು. ನಾಚಿಕೆಯಾಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಲೆಕ್ಚರ್, ಗೋಡೆಗೊಂದು ಪೋಸ್ಟರ್. ಎರಡು ವಾರ ಕಡಿಮೆಯಾಯಿತು, ಆಮೇಲೆ ಯಥಾಪ್ರಕಾರ. ಪೋಸ್ಟರ್ ಮೇಲೆ ಯಾರೋ ಡ್ಯೂಟಿ ಪಟ್ಟಿ ಅಂಟಿಸಿದ್ದರು!

ಆಮೇಲೆ ಸುಮ್ನೆ ಒಂದು ರಾತ್ರಿ ವಾರ್ಡಿನಲ್ಲೇ ಕೂತೆ. ಎರಡು ಸಂಗತಿ ಗೊತ್ತಾಯಿತು. ಒಂದು, ಅಡ್ಮಿಷನ್ನಿಗೆ ಬಳಸುವ ಅಚ್ಚಿನ ಹಾಳೆ. ಅದು ಅಸ್ತಮಾ ಮಕ್ಕಳಿಗೆಂದು ಮಾಡಿದ್ದು. ಅದರಲ್ಲಿ ನೆಬ್ಯುಲೈಸೇಶನ್ ಮೊದಲೇ ಅಚ್ಚಾಗಿತ್ತು, ಬೇಡದಿದ್ದರೆ ನಾವೇ ಹೊಡೆದುಹಾಕಬೇಕು. ರಾತ್ರಿ ಮೂರು ಗಂಟೆಗೆ ಯಾರು ಹೊಡೆದುಹಾಕುತ್ತಾರೆ? ಎರಡನೆಯದನ್ನು ಹೇಳಿದ್ದು ನೈಟ್ ಡ್ಯೂಟಿ ಸಿಸ್ಟರ್. “ಮೇಡಂ, ಮಗು ಮಲಗ್ತಿಲ್ಲ, ಏನಾದ್ರೂ ಮಾಡಿ ಅಂತ ತಾಯಿ ಬಂದು ನಿಂತ್ಕೊಂಡ್ರೆ, ನಮ್ಮ ಕೈಲಿರೋದು ಆ ಮಾಸ್ಕ್ ಒಂದೇ.”

ಅಲ್ಲಿಗೆ ನನಗೆ ಅರ್ಥವಾಯಿತು. ಬೇಡ ಅನ್ನುವುದಷ್ಟೇ ಸಾಲದು, ಆ ಹೊತ್ತಿಗೆ ಬೇರೆ ಏನು ಮಾಡಬೇಕು ಅಂತಲೂ ಹೇಳಿಕೊಡಬೇಕು.

ಪಿ.ಜಿ. ಹುಡುಗನಿಗೆ ಒಂದು ಕೆಲಸ ಕೊಟ್ಟೆ. ಮಗು ಅಳದಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸು, ನೆಬ್ಯುಲೈಸೇಶನ್ ಕೊಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸು. 62 ಇದ್ದದ್ದು 60 ಆಯಿತು. ಆಮೇಲೆ ಮೂಗಿಗೆ ಎರಡು ಹನಿ ಸಲೈನ್ ಹಾಕಿ, ಮೆತ್ತಗೆ ಸಕ್ಷನ್ ಮಾಡಿ (ಸಿಂಬಳ ಹೀರಿ ತೆಗೆದು), ತಾಯಿಯ ತೊಡೆ ಮೇಲೆ ಮಲಗಿಸಿ ಎಣಿಸಿದ. 50. ಪುಟ್ಟ ಮಕ್ಕಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತಾರೆ ಅಂತ ಪುಸ್ತಕದಲ್ಲಿ ಓದಿದ್ದ, ಅವತ್ತು ಕಣ್ಣಾರೆ ನೋಡಿದ. ಒಂದು ಮಗುವಿನ ಎಣಿಕೆ ಪುರಾವೆಯಲ್ಲ, ನಿಜ. ಆದರೆ ನನ್ನ ಸ್ಲೈಡುಗಳಿಂದ ಆಗದ್ದು ಅದರಿಂದ ಆಯಿತು. ಮುಂದಿನ ವಾರ ಅವನೇ ಜೂನಿಯರ್‌ಗಳಿಗೆ ಎಣಿಸುವುದನ್ನು ಹೇಳಿಕೊಡುತ್ತಿದ್ದ.

ಹಾಳೆಯನ್ನು ಬದಲಿಸಿದೆವು. ಮೊದಲು ಒಬ್ಬ ಡ್ಯೂಟಿ ಡಾಕ್ಟರ್, ಒಂದೇ ವಾರ. ಎಡವಿದ ಕಡೆ ತಿದ್ದಿ ಆಮೇಲೆ ಇಡೀ ವಾರ್ಡು. ತಾಯಂದಿರಿಗೂ ಮೊದಲ ದಿನವೇ ಹೇಳತೊಡಗಿದೆವು: ಮೂರರಿಂದ ಐದನೇ ದಿನದವರೆಗೆ ಜಾಸ್ತಿ ಆಗಬಹುದು, ಆಮೇಲೆ ಇಳಿಯುತ್ತದೆ, ಕೆಮ್ಮು ಮಾತ್ರ ಎರಡು ಮೂರು ವಾರ ಇರಬಹುದು. ಹಾಲು ಎಂದಿನ ಅರ್ಧಕ್ಕಿಂತ ಕಡಿಮೆಯಾದರೆ ತಕ್ಷಣ ಕರೆಯಿರಿ. ಒಬ್ಬ ತಾಯಿ ಕೇಳಿದರು, “ಹಾಗಾದ್ರೆ ಔಷಧಿನೇ ಇಲ್ವಾ ಮೇಡಂ?” ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ.

ವಾರಕ್ಕೆ ಹತ್ತು ಕೇಸ್ ಶೀಟ್ ತೆಗೆದು, ಎಷ್ಟರಲ್ಲಿ ನೆಬ್ಯುಲೈಸೇಶನ್ ಬರೆದಿದೆ ಅಂತ ಎಣಿಸಿ, ಗ್ರಾಫ್ ಹಾಳೆಯ ಮೇಲೆ ಒಂದೊಂದು ಚುಕ್ಕಿ ಇಡುತ್ತಾ ಹೋದೆ. ಗೆರೆ ನಿಧಾನಕ್ಕೆ ಇಳಿಯಿತು. ಪಕ್ಕದಲ್ಲೇ ಇನ್ನೊಂದು ಗೆರೆ ಇಟ್ಟಿದ್ದೆ: ಐಸಿಯುಗೆ ಹೋದವರು, ಮನೆಗೆ ಹೋಗಿ ವಾಪಸ್ ಬಂದವರು. ಅದು ಏರಲಿಲ್ಲ. ಒಂದನ್ನು ನಿಲ್ಲಿಸುವಾಗ ಈ ಎರಡನೇ ಗೆರೆ ಬೇಕೇ ಬೇಕು, ಇಲ್ಲದಿದ್ದರೆ ನಾವು ಖುಷಿಪಡುತ್ತಿರುವುದು ಯಾತಕ್ಕೆ ಅಂತಲೇ ತಿಳಿಯದು.

ಆದರೂ ಪೆಟ್ಟು ಬಿತ್ತು. ಕೆಲವು ತಿಂಗಳ ನಂತರ ಒಂದು ಮಗು ಬಂತು, ಅದೇ ಸುಯ್ ಸುಯ್. ‘ಬ್ರಾಂಕಿಯೊಲೈಟಿಸ್, ಏನೂ ಬೇಡ’ ಅಂತ ಬರೆದು ಬಿಟ್ಟಿದ್ದರು. ಹಾಲು ಕುಡಿಯುವಾಗ ಬೆವರುತ್ತದೆ ಅಂತ ತಾಯಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬೆಳಿಗ್ಗೆ ಹೊಟ್ಟೆ ಮುಟ್ಟಿ ನೋಡಿದರೆ ಲಿವರ್ ಪಕ್ಕೆಯಿಂದ ನಾಲ್ಕು ಬೆರಳು ಕೆಳಗಿತ್ತು. ಹೃದಯ ಸೋಲುತ್ತಿದ್ದರೆ ಲಿವರ್ ಹೀಗೆ ಊದುತ್ತದೆ, ಹಾಲು ಕುಡಿಯುವಾಗ ಮಗು ಬೆವರುತ್ತದೆ. ತೊಂದರೆ ಇದ್ದದ್ದು ಹೃದಯದಲ್ಲಿ. ಸದ್ಯ, ಸಮಯಕ್ಕೆ ಚಿಕಿತ್ಸೆ ಸಿಕ್ಕಿ ಮಗು ಉಳಿಯಿತು.

ಈಗ ನಮ್ಮ ಹಾಳೆಯಲ್ಲಿ ನೆಬ್ಯುಲೈಸೇಶನ್ ಇದ್ದ ಜಾಗದಲ್ಲಿ ಎರಡು ಪ್ರಶ್ನೆಗಳಿವೆ: ಲಿವರ್ ಎಷ್ಟು ಕೆಳಗಿದೆ? ಹಾಲು ಕುಡಿಯುವಾಗ ಬೆವರುತ್ತದೆಯಾ?