ಚೈನೀಸ್ ಮೆಡಿಸಿನ್ ಎಚ್‌ಐವಿನ ಹೇಗೆ ನೋಡುತ್ತೆ, ಅವರ ಮಾತನ್ನ ನಾವು ಹೇಗೆ ಓದ್ಕೋಬೇಕು

ಎಚ್‌ಐವಿ ಬಗ್ಗೆ ಚೈನೀಸ್ ಮೆಡಿಸಿನ್‌ನೋರು ಬರೆದಿರೋದನ್ನ ಓದೋಕೆ ಕೂತ್ರೆ ಶುರುವಲ್ಲೇ ತಲೆ ಗಿರ್ ಅನ್ನುತ್ತೆ. ಸ್ಪ್ಲೀನ್‌ನಲ್ಲಿ ಚಿ ಕಮ್ಮಿ ಆಗಿದೆ, ಯಿನ್ ಬತ್ತಿದೆ, ತೇವ ಕಟ್ಕೊಂಡಿದೆ ಅಂತೆಲ್ಲ ಇರುತ್ತೆ, ವೈರಸ್ ಅನ್ನೋ ಮಾತು ಎಲ್ಲೋ ಒಂದ್ಕಡೆ ಬಂದ್ರೆ ಬಂತು. ಕೆಲವರು ಇದೆಲ್ಲ ಬೊಗಳೆ ಅಂತ ಅಲ್ಲಿಗೇ ಮುಚ್ಚಿಡ್ತಾರೆ. ಇನ್ನು ಕೆಲವರು ಪೂರ್ತಿ ನಂಬಿ, ವೈರಸ್ ತಡೆಯೋ ಎಆರ್‌ಟಿ ಮಾತ್ರೆನೇ ಬಿಟ್ಟುಬಿಡ್ತಾರೆ, ನಂಗೆ ಭಯ ಇರೋದು ಇದರದ್ದೇ. ಹಾಗಾಗಿ ಮೊದಲೇ ಹೇಳ್ಬಿಡ್ತೀನಿ, ಈ ಪದ್ಧತಿ ಓದೋದು ರೋಗಿಯ ಮೈಯನ್ನ, ವೈರಸ್ಸನ್ನಲ್ಲ. ವೈರಸ್ಸನ್ನ ಹಿಡಿದಿಡೋ ಕೆಲಸ ಎಆರ್‌ಟಿದು, ಆ ಜಾಗಕ್ಕೆ ಯಾವ ಗಿಡಮೂಲಿಕೆನೂ ಬರಲ್ಲ. ನಡುನಡುವೆ ಮಾತ್ರೆ ನಿಲ್ಸಿ ಮತ್ತೆ ಶುರು ಮಾಡಿದ್ರೆ ಏನಾಗುತ್ತೆ ಅಂತ ಸ್ಮಾರ್ಟ್ ಅನ್ನೋ ದೊಡ್ಡ ಟ್ರಯಲ್ ನೋಡಿತ್ತು, ಫಲಿತಾಂಶ 2006ರಲ್ಲಿ ಬಂತು, ನಿಲ್ಸಿದೋರಲ್ಲಿ ಕಾಯಿಲೆನೂ ಜಾಸ್ತಿ ಸಾವೂ ಜಾಸ್ತಿ.

ಈಗ ಓದೋಕೆ ಶುರು ಮಾಡೋಣ. ಮೊದಲು ಎರಡು ಪದ ಗಟ್ಟಿ ಮಾಡ್ಕೊಳ್ಳಿ, ಜಂಗ್ ಚಿ ಮತ್ತು ಶ್ಯೆ ಚಿ. ಚಿ ಅಂದ್ರೆ ಮೈಯಲ್ಲಿ ಹರಿಯುತ್ತೆ ಅಂತ ಅವರು ಹೇಳೋ ಜೀವಶಕ್ತಿ. ಜಂಗ್ ಚಿ ಅಂದ್ರೆ ಮೈಯನ್ನ ನೆಟ್ಟಗೆ ನಿಲ್ಲಿಸೋ ಕಸುವು, ಶ್ಯೆ ಚಿ ಅಂದ್ರೆ ಹೊರಗಿಂದ ಬಂದು ಕೆಡಿಸೋದು. ಕಾಯಿಲೆ ಅಂದ್ರೆ ಇವೆರಡರ ಜಗ್ಗಾಟ. ಎಚ್‌ಐವಿ ಬಗ್ಗೆ ಅವರು ಹೇಳೋದೆಲ್ಲ ಇದರ ಸುತ್ತಲೇ ಸುತ್ತುತ್ತೆ, ಒಂದು ವಿಷ ಒಳಗೆ ಬಂದು ಕೂತಿದೆ, ಕೂತಲ್ಲಿಂದ ಜಂಗ್ ಚಿನ ವರ್ಷಗಟ್ಟಲೆ ತಿಂತಾ ಇದೆ, ಕಸುವು ಸೋತ ದಿನ ಬೇರೆ ಕಾಯಿಲೆಗಳೆಲ್ಲ ನುಗ್ಗುತ್ತವೆ.

ಈ ವಿಷದ ಕಲ್ಪನೆ ಎಚ್‌ಐವಿಗೋಸ್ಕರ ಹೊಸದಾಗಿ ಹುಟ್ಟಿದ್ದಲ್ಲ. 1640ರ ಆಸುಪಾಸು ಚೀನಾದಲ್ಲಿ ಸಾಂಕ್ರಾಮಿಕ ಹಬ್ಬಿದಾಗ ವು ಯೋಕೆ ಅನ್ನೋ ವೈದ್ಯ, ಇದು ಚಳಿಗಾಳಿಯಿಂದ ಬಂದಿದ್ದಲ್ಲ, ಮೂಗು ಬಾಯಿಂದ ಒಳಗೆ ಹೋಗೋ ಒಂದು ವಿಶೇಷ ಕೆಟ್ಟ ಚಿ ಇದೆ ಅಂತ 1642ರಲ್ಲಿ ಬರೆದ. ಆಮೇಲೆ 18ನೇ ಶತಮಾನದಲ್ಲಿ ಇನ್ನೊಬ್ಬ ವೈದ್ಯ ಯೆ ತ್ಯೆನ್‌ಶಿ, ಜ್ವರದ ರೋಗ ಹೊರಗಿಂದ ಒಳಕ್ಕೆ ನಾಲ್ಕು ಪದರದಲ್ಲಿ ಇಳಿಯುತ್ತೆ ಅಂದ, ವೇ, ಚಿ, ಯಿಂಗ್, ಶುಯೆ. ಮೊದಲನೇದ್ರಲ್ಲಿ ಸಣ್ಣ ಜ್ವರ ಚಳಿ, ಎರಡನೇದ್ರಲ್ಲಿ ಜೋರು ಜ್ವರ ಬಾಯಾರಿಕೆ, ಮೂರನೇದ್ರಲ್ಲಿ ರಾತ್ರಿ ಏರೋ ಜ್ವರ ತಳಮಳ, ಕೊನೇದ್ರಲ್ಲಿ ರಕ್ತಸ್ರಾವ. ಇದರ ಜೊತೆಗೆ ಫು ಶ್ಯೆ ಅಂತ ಇನ್ನೊಂದು ಹಳೇ ವಿಚಾರ ಇದೆ, ಅಂದ್ರೆ ಒಳಗೆ ಹೊಕ್ಕು ಸದ್ದಿಲ್ಲದೆ ಅಡಗಿ ಕೂತು ಎಷ್ಟೋ ಕಾಲ ಆದ್ಮೇಲೆ ಹೊರಗೆ ಬರೋ ರೋಗಕಾರಕ. 1980ರ ದಶಕದಲ್ಲಿ ಏಡ್ಸ್ ಬಂದಾಗ ಚೀನಾದ ವೈದ್ಯರಿಗೆ ಈ ಎರಡು ಚೌಕಟ್ಟು ಕೈಗೆ ಸಿಕ್ಕಿದ್ದು ಸಹಜ. ಸೋಂಕು ತಗುಲಿ ಎರಡ್ಮೂರು ವಾರಕ್ಕೆ ಬರೋ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಇವೆಲ್ಲ ಮೊದಲ ಪದರಕ್ಕೆ ಹೊಂದುತ್ತೆ, ಆಮೇಲೆ ಬರೋ ವರ್ಷಗಟ್ಟಲೆಯ ಮೌನ ಫು ಶ್ಯೆಗೆ ಹೊಂದುತ್ತೆ.

ಆಮೇಲೆ ಅಂಗಗಳ ಹೆಸರು, ಜನ ಎಡವೋದು ಇಲ್ಲೇ. ಅವರು ಸ್ಪ್ಲೀನ್ ಅಂದ್ರೆ ನಿಮ್ಮ ಹೊಟ್ಟೆಯ ಎಡಗಡೆ ಇರೋ ಗುಲ್ಮ ಅಲ್ಲ, ತಿಂದಿದ್ದನ್ನ ಚಿ ಮತ್ತು ರಕ್ತ ಮಾಡೋ ಇಡೀ ವ್ಯವಸ್ಥೆ. ಕಿಡ್ನಿ ಅಂದ್ರೆ ಮೂತ್ರಪಿಂಡ ಒಂದೇ ಅಲ್ಲ, ಹುಟ್ಟಿನಿಂದ ಬಂದ ಸತ್ವ, ಅದಕ್ಕೆ ಜಿಂಗ್ ಅಂತಾರೆ, ಅದನ್ನ ಕಾಪಾಡೋ ಜಾಗ. ಎಚ್‌ಐವಿ ರಕ್ತದಿಂದ, ವೀರ್ಯದಿಂದ, ತಾಯಿಯಿಂದ ಮಗುವಿಗೆ ಹರಡುತ್ತಲ್ವಾ, ಹಾಗಾಗಿ ಅದು ನೇರವಾಗಿ ಜಿಂಗ್‌ಗೇ ಕೈ ಹಾಕುತ್ತೆ ಅನ್ನೋದು ಅವರ ವಾದ. ಸ್ಪ್ಲೀನ್ ಮೇಲೂ ಅಷ್ಟೇ ಒತ್ತು ಕೊಡ್ತಾರೆ, ಯಾಕಂದ್ರೆ ರೋಗಿಗಳು ಹೇಳ್ಕೊಳ್ಳೋದೇ ಸುಸ್ತು, ಭೇದಿ, ಊಟ ಸೇರಲ್ಲ, ತೂಕ ಇಳೀತಿದೆ ಅಂತ. ಸೋಂಕಿನ ಮೊದಲ ವಾರಗಳಲ್ಲೇ ಕರುಳಿನ ಗೋಡೆಯಲ್ಲಿರೋ ಸಿಡಿ4 ಅನ್ನೋ ರೋಗನಿರೋಧಕ ಕಣಗಳು ರಾಶಿಗಟ್ಟಲೆ ಸಾಯ್ತವೆ ಅಂತ ಲ್ಯಾಬ್ ವಿಜ್ಞಾನನೂ ಆಮೇಲೆ ಕಂಡ್ಕೊಂಡಿತು. ಅದನ್ನೇ ಹಿಡ್ಕೊಂಡು ನೋಡಿ ಅವರಿಗೆ ಮೊದಲೇ ಗೊತ್ತಿತ್ತು ಅಂತ ಹೇಳೋಕೆ ಹೋಗ್ಬೇಡಿ, ಅವರು ನೋಡಿದ್ದು ಭೇದಿ ಮತ್ತು ಸುಸ್ತನ್ನ, ಸಿಡಿ4 ಕಣವನ್ನಲ್ಲ.

ಇನ್ನು ನಾಲಿಗೆ. ಚೈನೀಸ್ ಮೆಡಿಸಿನ್ ವೈದ್ಯರ ಹತ್ರ ಹೋದ್ರೆ ಎರಡೂ ಮಣಿಕಟ್ಟಿನಲ್ಲಿ ಮೂರು ಮೂರು ಜಾಗದಲ್ಲಿ ಬೆರಳಿಟ್ಟು ನಾಡಿ ನೋಡ್ತಾರೆ, ನಾಲಿಗೆ ಚಾಚಿ ಅಂತಾರೆ. ನಾಲಿಗೆ ಬಿಳಿಚಿಕೊಂಡು ಊದಿ, ಅಂಚಲ್ಲಿ ಹಲ್ಲಿನ ಗುರುತು ಬಿದ್ದಿದ್ರೆ ಸ್ಪ್ಲೀನ್ ಚಿ ಕಮ್ಮಿ ಅಂತ ಲೆಕ್ಕ. ಕೆಂಪಗೆ, ಲೇಪನ ಇಲ್ಲದೆ, ಬಿರುಕು ಬಿಟ್ಟಿದ್ರೆ ಯಿನ್ ಬತ್ತಿದೆ, ಅಂದ್ರೆ ಮೈಯನ್ನ ತಂಪಾಗಿ ಒದ್ದೆಯಾಗಿ ಇಡೋ ಭಾಗ ಒಣಗಿದೆ, ಅದಕ್ಕೇ ಸಂಜೆ ಜ್ವರ, ಅಂಗೈ ಉರಿ, ರಾತ್ರಿ ಬೆವರು. ದಪ್ಪ ಹಳದಿ ಜಿಡ್ಡು ಲೇಪನ ಇದ್ರೆ ತೇವ-ಉಷ್ಣ, ಅಂದ್ರೆ ಒಳಗೆ ತೇವ ಮತ್ತು ಬಿಸಿ ಒಟ್ಟಿಗೆ ಕಟ್ಕೊಂಡಿದೆ ಅಂತ ಲೆಕ್ಕ. ಹಾಗಾಗಿ ಎಚ್‌ಐವಿ ಇರೋ ಇಬ್ಬರಿಗೆ ಎರಡು ಬೇರೆ ಬೇರೆ ಕಷಾಯ ಬರೆದುಕೊಟ್ರೆ ಗಾಬರಿ ಬೇಡ, ಅವರು ಮದ್ದು ಕೊಡೋದು ರೋಗದ ಹೆಸರಿಗಲ್ಲ, ಕಾಣೋ ಮಾದರಿಗೆ.

ಆದ್ರೆ ಇಲ್ಲೊಂದು ಅಪಾಯ ಇದೆ, ದಯವಿಟ್ಟು ನಿಧಾನವಾಗಿ ಓದಿ. ನಾಲಿಗೆ ಮೇಲೆ ಬೆಳ್ಳಗೆ ಮೊಸರಿನ ಥರ ಕೂತಿದ್ರೆ ಅದು ತೇವ ಅಂತ ಸುಮ್ನೆ ಬಿಡೋ ಹಾಗಿಲ್ಲ. ಮೆತ್ತಗೆ ಒರೆಸಿದ್ರೆ ಎದ್ದು ಬಂದು ಕೆಳಗೆ ಕೆಂಪು ಕಂಡ್ರೆ ಅದು ಕ್ಯಾಂಡಿಡಾ ಫಂಗಸ್ ಇರಬಹುದು. ನಾಲಿಗೆಯ ಪಕ್ಕದಲ್ಲಿ ಗೀರು ಗೀರಾಗಿ ಬೆಳ್ಳಗಿದ್ದು ಒರೆಸಿದ್ರೂ ಹೋಗಲ್ಲ ಅಂದ್ರೆ ಅದು ಹೇರಿ ಲ್ಯೂಕೋಪ್ಲೇಕಿಯಾ ಇರಬಹುದು. ಎರಡೂ ರೋಗನಿರೋಧಕ ಶಕ್ತಿ ಇಳಿದಿರೋ ಸೂಚನೆ, ಎಚ್‌ಐವಿ ಡಾಕ್ಟರಿಗೆ ತೋರಿಸ್ಲೇಬೇಕು. ರಾತ್ರಿ ಬೆವರೂ ಹಾಗೇ, ಯಿನ್ ಕಮ್ಮಿ ಅನ್ನೋ ಮೊದಲು ಟಿಬಿ ಅಲ್ಲ ಅಂತ ಖಾತ್ರಿ ಆಗ್ಬೇಕು. ಕೆಮ್ಮು, ಜ್ವರ, ತೂಕ ಇಳಿಯೋದು, ರಾತ್ರಿ ಬೆವರು, ಎಚ್‌ಐವಿ ಇರೋರಲ್ಲಿ ಈ ನಾಲ್ಕರಲ್ಲಿ ಒಂದಿದ್ರೂ ಟಿಬಿ ಟೆಸ್ಟ್.

ಚೀನಾದಲ್ಲಿ ಇದು ಬರೀ ಪುಸ್ತಕದ ಮಾತಾಗಿ ಉಳೀಲಿಲ್ಲ. ಅಲ್ಲಿ ಮೊದಲ ಏಡ್ಸ್ ಕೇಸ್ ಗೊತ್ತಾಗಿದ್ದು 1985ರಲ್ಲಿ, 1987ರಲ್ಲಿ ಚೀನಾದ ವೈದ್ಯರು ಟಾಂಜಾನಿಯಾದಲ್ಲಿ ಏಡ್ಸ್ ರೋಗಿಗಳಿಗೆ ಗಿಡಮೂಲಿಕೆ ಕೊಟ್ಟು ನೋಡೋ ಕೆಲಸ ಶುರು ಮಾಡಿದ್ರು. 1990ರ ದಶಕದಲ್ಲಿ ಹೆನಾನ್ ಪ್ರಾಂತ್ಯದ ಹಳ್ಳಿಗಳಲ್ಲಿ ಬಡ ರೈತರು ದುಡ್ಡಿಗಾಗಿ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನಂಥ ಭಾಗ, ಮಾರ್ತಿದ್ರು, ಹಲವರ ರಕ್ತ ಒಟ್ಟಿಗೆ ಸೇರಿಸಿ ಪ್ಲಾಸ್ಮಾ ತೆಗೆದು ಉಳಿದ ಕಣಗಳನ್ನ ಅವರಿಗೇ ವಾಪಸ್ ಏರಿಸ್ತಿದ್ರು, ಒಬ್ಬರಲ್ಲಿದ್ದ ವೈರಸ್ ಎಲ್ಲರಿಗೂ ಹೋಯ್ತು, ಹಳ್ಳಿಗೆ ಹಳ್ಳಿನೇ ನರಳಿತು. ಆ ಕಥೆ ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ. 2004ರಿಂದ ಸರ್ಕಾರ ಹೆನಾನ್ ಸೇರಿ ಕೆಲವು ಪ್ರಾಂತ್ಯಗಳಲ್ಲಿ ಉಚಿತವಾಗಿ ಚೈನೀಸ್ ಮೆಡಿಸಿನ್ ಕೊಡೋ ಯೋಜನೆ ತಂತು. ಹೆನಾನ್‌ನಲ್ಲಿ ಕೊಟ್ಟಿದ್ದು ಯಿ ಆಯ್ ಕಾಂಗ್ ಅನ್ನೋ ಕ್ಯಾಪ್ಸೂಲ್, ಅದರಲ್ಲಿ ರೆನ್ ಶೆನ್ ಅಂದ್ರೆ ಜಿನ್ಸೆಂಗ್, ಹುವಾಂಗ್ ಚಿ ಅನ್ನೋ ಬೇರು, ಹೀಗೆ ಕಸುವು ತುಂಬೋ ಮೂಲಿಕೆಗಳು.

ಸರಿ, ಕೆಲಸ ಮಾಡುತ್ತಾ? ವೈರಸ್ ಇಳಿಸುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಸುಸ್ತು, ಹಸಿವು, ಭೇದಿ ವಿಷಯದಲ್ಲಿ ಒಳ್ಳೇದಾಯ್ತು ಅಂತ ಹೇಳೋ ಅಧ್ಯಯನಗಳು ಇವೆ, ಹೆಚ್ಚಿನವು ಚಿಕ್ಕವು. ಅಕ್ಯುಪಂಕ್ಚರ್‌ದೂ ಅಷ್ಟೇ, ಎಚ್‌ಐವಿಯಿಂದ ಬರೋ ಕಾಲಿನ ನರದ ನೋವಿಗೆ ಅಮೆರಿಕದಲ್ಲಿ 250 ಜನರ ಮೇಲೆ ಟ್ರಯಲ್ ಮಾಡಿ 1998ರಲ್ಲಿ ಪ್ರಕಟಿಸಿದ್ರು, ನಕಲಿ ಸೂಜಿಗಿಂತ ಅಸಲಿ ಸೂಜಿ ಹೆಚ್ಚೇನೂ ಮಾಡ್ಲಿಲ್ಲ.

ಗಿಡಮೂಲಿಕೆ ತಾನೇ, ಏನಾಗುತ್ತೆ ಅನ್ನೋರಿಗೆ ಇದನ್ನ ಹೇಳ್ಲೇಬೇಕು. ತ್ಯೆನ್ ಹುವಾ ಫೆನ್ ಅಂತ ಒಂದು ಬೇರು, ನಮ್ಮ ಪಡವಲಕಾಯಿ ಕುಲದ್ದೇ ಬಳ್ಳಿ, ಕಷಾಯದಲ್ಲಿ ಬಾಯಾರಿಕೆ ಉಷ್ಣಕ್ಕೆ ಬಳಸ್ತಾರೆ. ಅದರಿಂದ ತೆಗೆದ ಪ್ರೋಟೀನನ್ನ 1989ರ ಹೊತ್ತಿಗೆ ಕಾಂಪೌಂಡ್ ಕ್ಯೂ ಅನ್ನೋ ಹೆಸರಲ್ಲಿ ಅಮೆರಿಕದ ಏಡ್ಸ್ ರೋಗಿಗಳು ಬೇರೆ ದಾರಿ ಕಾಣದೆ ರಕ್ತಕ್ಕೆ ಇಂಜೆಕ್ಷನ್ ಮಾಡಿಸ್ಕೊಂಡ್ರು, ಕೆಲವರು ಕೋಮಾಕ್ಕೆ ಹೋದ್ರು, ಸಾವೂ ಆಯ್ತು. ಇನ್ನೊಂದು, ಫಾಂಗ್ ಜಿ ಅನ್ನೋ ಒಂದೇ ಹೆಸರಲ್ಲಿ ಎರಡು ಗಿಡ ಇವೆ, ಅದರಲ್ಲಿ ಗ್ವಾಂಗ್ ಫಾಂಗ್ ಜಿಯಲ್ಲಿ ಕಿಡ್ನಿ ಕೆಡಿಸೋ ಅರಿಸ್ಟೊಲೋಕಿಕ್ ಆಸಿಡ್ ಇದೆ. 1990ರ ದಶಕದ ಶುರುವಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋ ಮಾತ್ರೆಗೆ ಇದು ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹೋಯ್ತು. ಟೆನೊಫೊವಿರ್ ಅನ್ನೋ ಎಚ್‌ಐವಿ ಮಾತ್ರೆ ತಗೊಳ್ಳೋರು ಮೊದಲೇ ಕಿಡ್ನಿ ಮೇಲೆ ಕಣ್ಣಿಟ್ಟಿರಬೇಕು, ಅಂಥೋರಿಗೆ ಇದು ಬೇಡವೇ ಬೇಡ.

ಮಾತ್ರೆ ಜೊತೆ ಬೆರೆಯೋ ವಿಷಯ ಇನ್ನೂ ಸೂಕ್ಷ್ಮ. ವು ವೇ ಜಿ ಅನ್ನೋ ಹಣ್ಣು ಲಿವರ್‌ನ ಔಷಧ ಒಡೆಯೋ ಸಿವೈಪಿ3ಎ ಕಿಣ್ವವನ್ನ ತಡೆಯುತ್ತೆ, ರಿಟೊನಾವಿರ್ ಅನ್ನೋ ಎಚ್‌ಐವಿ ಮಾತ್ರೆ ಜೊತೆ ಕೊಡೋ ಔಷಧಗಳೂ ಅದೇ ದಾರಿಲಿ ಹೋಗೋದು, ಹಾಗಾಗಿ ರಕ್ತದಲ್ಲಿ ಅವುಗಳ ಮಟ್ಟ ಏರಬಹುದು. ಗಾನ್ ತ್ಸಾವ್ ಅಂದ್ರೆ ಜೇಷ್ಠಮಧು ಸುಮಾರು ಎಲ್ಲ ಕಷಾಯದಲ್ಲೂ ಇರುತ್ತೆ, ದಿನಾ ಹೆಚ್ಚು ತಗೊಂಡ್ರೆ ಬಿಪಿ ಏರುತ್ತೆ ಪೊಟ್ಯಾಶಿಯಂ ಇಳಿಯುತ್ತೆ. ರಾತ್ರಿ ಬೆವರಿಗೆ ಕೊಡೋ ಮು ಲಿ ಏನು ಗೊತ್ತಾ, ಸಮುದ್ರದ ಸಿಂಪಿಯ ಚಿಪ್ಪು, ಅಂದ್ರೆ ಕ್ಯಾಲ್ಸಿಯಂ. ಡೊಲುಟೆಗ್ರಾವಿರ್ ಅನ್ನೋ ಎಚ್‌ಐವಿ ಮಾತ್ರೆನ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದ ಹಾಗೆ ಮಾಡುತ್ತೆ, ಅದಕ್ಕೇ ಖಾಲಿ ಹೊಟ್ಟೇಲಿ ತಗೊಳ್ಳೋದಾದ್ರೆ ಮಾತ್ರೆನ ಕ್ಯಾಲ್ಸಿಯಂಗಿಂತ 2 ಗಂಟೆ ಮೊದಲು ಇಲ್ಲ 6 ಗಂಟೆ ಆದ್ಮೇಲೆ ತಗೋಬೇಕು. ಚಿಪ್ಪಿನ ಪುಡಿ ಕೊಟ್ರೆ ಈ ಲೆಕ್ಕ ನೆನಪಿರಲಿ.

ಹೋಗ್ಲೇಬೇಕು ಅನ್ಸಿದ್ರೆ ಹೀಗ್ ಮಾಡಿ. ನೀವು ತಗೊಳ್ಳೋ ಎಲ್ಲ ಮಾತ್ರೆಗಳ ಹೆಸರು ಬರ್ಕೊಂಡು ಹೋಗಿ, ಚೈನೀಸ್ ವೈದ್ಯರಿಗೆ ಎಚ್‌ಐವಿ ವಿಷಯ ಮುಚ್ಚಿಡಬೇಡಿ. ಪ್ರತಿ ಮೂಲಿಕೆಯ ಹೆಸರನ್ನ, ಸಾಧ್ಯ ಆದ್ರೆ ಲ್ಯಾಟಿನ್ ಹೆಸರೂ ಸೇರಿಸಿ, ಬರೆಸ್ಕೊಂಡು ಬಂದು ಎಚ್‌ಐವಿ ಡಾಕ್ಟರಿಗೆ ತೋರಿಸಿ, ಅವರು ಹೂಂ ಅನ್ನೋ ತನಕ ಕುದಿಸಬೇಡಿ. ಸೂಜಿ ಚುಚ್ಚೋದಾದ್ರೆ ಸೀಲ್ ಆಗಿರೋ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಹರೀಬೇಕು. ಎಆರ್‌ಟಿ ನಿಲ್ಸಿ ನೋಡೋಣ ಅಂತ ಯಾರಾದ್ರೂ ಅಂದ್ರೆ, ಎಷ್ಟೇ ಹೆಸರು ಮಾಡಿದೋರಾಗಿರಲಿ, ಅಲ್ಲಿಂದ ಎದ್ದು ಬನ್ನಿ. ಕಷಾಯ ಶುರು ಮಾಡಿದ್ಮೇಲೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋದು), ಲಿವರ್, ಕಿಡ್ನಿ ಟೆಸ್ಟ್ ಯಾವಾಗ ಮಾಡಿಸ್ಬೇಕು ಅಂತ ಡಾಕ್ಟರನ್ನ ಅವತ್ತೇ ಕೇಳಿ ತಾರೀಖು ಗುರುತು ಹಾಕ್ಕೊಳ್ಳಿ.