ಬಿಕಾಂ ಲೆಜರ್ ಹಿಡಿದು ಪಿಟಿಎ ಆದ ಕಥೆ

ನಾನು ಸೈನ್ಸ್ ಓದಿದವಳಲ್ಲ. ಹಾಸನದಲ್ಲಿ ಬಿಕಾಂ, ಬೆಂಗಳೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ನಾಲ್ಕು ವರ್ಷ, ಆಮೇಲೆ ಮದುವೆ, ಟೆಕ್ಸಸ್, ಎರಡು ಮಕ್ಕಳು. 39ನೇ ವಯಸ್ಸಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಪಿಟಿಎ, ಅಂದರೆ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ ಕೋರ್ಸ್, ಮಾಡುತ್ತೇನೆ ಅಂದಾಗ ಯುಗಾದಿ ಊಟದಲ್ಲಿ ಪಕ್ಕ ಕೂತವರೊಬ್ಬರು, "ಅಸಿಸ್ಟೆಂಟ್ ಆಗೋಕೆ ಇಷ್ಟೆಲ್ಲಾ ಕಷ್ಟ ಯಾಕ್ರೀ?" ಅಂದರು. ಪೂರ್ತಿ ಥೆರಪಿಸ್ಟ್ ಆಗುವ ಡಿಪಿಟಿ ಡಿಗ್ರಿ ಅಂದರೆ ಸೈನ್ಸ್ ಕೋರ್ಸುಗಳು ಮುಗಿದ ಮೇಲೂ ಮೂರು ವರ್ಷ, ಜೊತೆಗೆ ಸಾಲ. ಇದು ಐದು ಸೆಮಿಸ್ಟರ್. ಲೆಕ್ಕ ಅವರಿಗಿಂತ ನನಗೆ ಚೆನ್ನಾಗಿ ಬರುತ್ತೆ, ಸುಮ್ನೆ ಹೋಳಿಗೆ ತಿಂದೆ.

ದುಡ್ಡು ಮೊದಲು ಹೋಗಿದ್ದು ಮಾರ್ಕ್ಸ್ ಕಾರ್ಡ್ ಇವ್ಯಾಲ್ಯುಯೇಷನ್‌ಗೆ, ಅಂದರೆ ನಮ್ಮ ಡಿಗ್ರಿ ಇಲ್ಲಿಯ ಯಾವುದಕ್ಕೆ ಸಮ ಅಂತ ಬರೆಸಿಕೊಳ್ಳೋದಕ್ಕೆ. ಕಡಿಮೆ ಬೆಲೆಯದ್ದು ಮಾಡಿಸಿದೆ, ಕಾಲೇಜಿನವರು ಒಂದೊಂದು ವಿಷಯದ್ದೂ ಬಿಡಿಸಿ ಬೇಕು ಅಂದರು. ಮತ್ತೆ ಕಟ್ಟಿದೆ. ಎರಡೂ ಸೇರಿ 300 ಡಾಲರ್ ಮೇಲೆ. ಆಮೇಲೆ ಟಿಬಿ ಟೆಸ್ಟ್. ಚಿಕ್ಕವರಿದ್ದಾಗ ಬಿಸಿಜಿ ಹಾಕಿಸಿಕೊಂಡವರು ನಾವು, ಚರ್ಮದ ಟೆಸ್ಟ್ ಮಾಡಿದರೆ ಕೈ ಉಬ್ಬಬಹುದು. ನನ್ನದು ಉಬ್ಬಿತು. ಎಕ್ಸ್‌ರೇ, ಕ್ಲಿನಿಕ್ ಅಲೆದಾಟ, ಎರಡು ವಾರ ಹಾಳು. ನೀವು ಮೊದಲೇ ರಕ್ತದ ಟೆಸ್ಟ್ ಕೇಳಿ.

ಮೊದಲ ವರ್ಷ ಸೀಟೇ ಸಿಗಲಿಲ್ಲ. ಅನಾಟಮಿ ಎರಡನೇ ಭಾಗದಲ್ಲಿ ಸಿ ಬಂದಿತ್ತು, ಪಾಯಿಂಟ್ ಸಾಲಲಿಲ್ಲ. ಫ್ಲ್ಯಾಶ್ ಕಾರ್ಡ್ ಆಪ್‌ಗೆ ತಿಂಗಳು ತಿಂಗಳು ಕಟ್ಟಿದ್ದೂ ದಂಡ. ಸ್ನಾಯುಗಳ ಹೆಸರನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಚಪಾತಿ ಲಟ್ಟಿಸುತ್ತಾ ಕೇಳಿದೆ. ಚಪಾತಿ ಚೆನ್ನಾಗಿ ಬಂತು, ಅಷ್ಟೇ.

ಒಂದು ರಾತ್ರಿ ಬೇಜಾರಾಗಿ ತೋಳಿನ ಬೈಸೆಪ್ಸ್ ಸ್ನಾಯುವನ್ನು ಜರ್ನಲ್ ಎಂಟ್ರಿ ಥರ ಬರೆದೆ: ಸ್ನಾಯು ಹೊರಡುವ ಮೂಳೆಯ ಜಾಗ ಡೆಬಿಟ್, ಹೋಗಿ ಅಂಟುವ ಜಾಗ ಕ್ರೆಡಿಟ್. ಕೊರಕಾಯ್ಡ್ ಅಕೌಂಟ್ ಡೆಬಿಟ್, ಸುಪ್ರಾಗ್ಲೀನಾಯ್ಡ್ ಟ್ಯೂಬರ್ಕಲ್ ಅಕೌಂಟ್ ಡೆಬಿಟ್, ಟು ರೇಡಿಯಲ್ ಟ್ಯುಬೆರಾಸಿಟಿ ಅಕೌಂಟ್. ಕೆಳಗೆ ನರೇಷನ್: ಬೀಯಿಂಗ್ ಮಸ್ಕ್ಯುಲೋಕ್ಯುಟೇನಿಯಸ್ ನರದ ಅಪ್ಪಣೆಯಂತೆ ಮೊಣಕೈ ಮಡಚಿದ್ದು. ನಗು ಬಂತು, ಆದರೆ ಬೆಳಿಗ್ಗೆ ಎದ್ದಾಗ ಒಂದಕ್ಷರ ಮರೆತಿರಲಿಲ್ಲ. ನಿಜವಾದ ಮಜಾ ಇರೋದು ಪೋಸ್ಟಿಂಗ್‌ನಲ್ಲಿ, ಅಂದರೆ ಜರ್ನಲ್‌ನಿಂದ ಲೆಜರ್‌ಗೆ ಏರಿಸೋದರಲ್ಲಿ. ಜರ್ನಲ್ ಸ್ನಾಯುವಿನ ಪ್ರಕಾರ, ಲೆಜರ್ ಮೂಳೆಯ ಪ್ರಕಾರ. ಇಶ್ಚಿಯಲ್ ಟ್ಯುಬೆರಾಸಿಟಿಗೆ (ಕೂತಾಗ ಒತ್ತುವ ಇಶ್ಚಿಯಮ್ ಮೂಳೆಯ ಉಬ್ಬು) ಒಂದು ಪುಟ ತೆರೆದು ಅಲ್ಲಿಂದ ಯಾರ್ಯಾರು ಹೊರಡುತ್ತಾರೆ ಅಂತ ಹಾಕುತ್ತಾ ಹೋಗಿ, ಒಂದೇ ಸ್ನಾಯುವನ್ನು ಎರಡು ಕಡೆಯಿಂದ ಓದಿದಂತೆ ಆಗುತ್ತೆ. ಭಾನುವಾರ ಟ್ರಯಲ್ ಬ್ಯಾಲೆನ್ಸ್, ಎರಡೂ ಕಡೆ ತಾಳೆ ಆಗುತ್ತಾ ನೋಡೋದು. ತೊಡೆಯ ಹಿಂದಿನ ಸ್ನಾಯುಗಳು, ಹ್ಯಾಮ್‌ಸ್ಟ್ರಿಂಗ್ಸ್, ಮೂರು ವಾರ ಟ್ಯಾಲಿ ಆಗಲಿಲ್ಲ, ನೋಡಿದರೆ ಬೈಸೆಪ್ಸ್ ಫಿಮೋರಿಸ್‌ನ ಶಾರ್ಟ್ ಹೆಡ್ ಹೊರಡೋದು ತೊಡೆಮೂಳೆಯ ಹಿಂದಿನ ಏಣಾದ ಲಿನಿಯಾ ಆಸ್ಪೆರಾದಿಂದ, ನಾನು ಅದನ್ನೂ ಇಶ್ಚಿಯಮ್ ಪುಟಕ್ಕೆ ತುರುಕಿದ್ದೆ. ಸ್ಟಡಿ ಗ್ರೂಪಿನ ಹುಡುಗಿಯರು ನಕ್ಕರು. ಕೋರ್ಸ್ ಮತ್ತೆ ತಗೊಂಡೆ, ಎ ಬಂತು, ಸೀಟೂ ಸಿಕ್ಕಿತು. ಕೈಗೆ ಹೋಗುವ ನರಗಳ ಜಾಲ, ಬ್ರೇಕಿಯಲ್ ಪ್ಲೆಕ್ಸಸ್‌ಗೆ ಬೇರೆ ಉಪಾಯ ಇದೆ, ಅದನ್ನು ಮಾತ್ರ ಹೇಳಲ್ಲ. ನನ್ನ ತಂಗಿಗೂ ಹೇಳಿಲ್ಲ.

ಪುಸ್ತಕದ್ದು ಹೀಗೆ ದಾಟಿದೆ, ಪ್ರಾಕ್ಟಿಕಲ್‌ನಲ್ಲಿ ಬಿದ್ದೆ. ಹಾಸಿಗೆಯಿಂದ ವೀಲ್‌ಚೇರ್‌ಗೆ ಟ್ರಾನ್ಸ್‌ಫರ್. ಗೇಟ್ ಬೆಲ್ಟ್ (ರೋಗಿಯ ಸೊಂಟಕ್ಕೆ ಕಟ್ಟಿ ನಾವು ಹಿಡಿದುಕೊಳ್ಳುವ ಪಟ್ಟಿ) ಬಿಗಿ ಮಾಡಿದೆ, ಬೆಲ್ಟಿನೊಳಗೆ ಎರಡು ಬೆರಳು ಹೋಗುತ್ತಾ ನೋಡಿದೆ, ಪಾದ ಸರಿ ಇಡಿಸಿದೆ, ಒನ್ ಟೂ ತ್ರೀ ಅಂದೆ, ಕುರ್ಚಿ ಹಿಂದಕ್ಕೆ ಜಾರಿತು. ಒಂದು ಕಡೆಯ ಬ್ರೇಕ್ ಹಾಕಿರಲಿಲ್ಲ. ಸೇಫ್ಟಿ ತಪ್ಪು, ಅಲ್ಲಿಗೆ ಫೇಲ್. ಇನ್ನೊಂದೇ ಚಾನ್ಸ್. ಅಂದಿನಿಂದ ಮನೆಯಲ್ಲಿ ಚಕ್ರದ ಆಫೀಸ್ ಚೇರ್ ಕಂಡರೂ ಕೈ ತಾನಾಗಿ ಬ್ರೇಕ್ ಹುಡುಕುತ್ತೆ.

ಆ ವರ್ಷ ಅತ್ತೆ ಆರು ತಿಂಗಳಿಗೆ ಬಂದಿದ್ದರು. ಕೀಲು ಎಷ್ಟು ಮಡಚುತ್ತೆ ಅಂತ ಅಳೆಯುವ ಗೋನಿಯೋಮೀಟರ್ ಹಿಡಿದು ಅವರ ಮಂಡಿ ಅಳೆದೆ. "ಏನೇ ಇದು, ಜಾಮಿಟ್ರಿ ಬಾಕ್ಸಿನ ಸಾಮಾನು ತಂದು ಕಾಲಿಗೆ ಇಡ್ತೀಯಾ?" ಅಂದರು. ನಮ್ಮ ಪುಸ್ತಕದಲ್ಲಿ ಮಂಡಿ ಮಡಚುವುದು 135 ಡಿಗ್ರಿ ನಾರ್ಮಲ್ ಅಂತಿತ್ತು. ಇವರದು 71ನೇ ವಯಸ್ಸಿಗೆ 148, 150 ಹತ್ತಿರ! ಮೂರು ಸಲ ಅಳೆದೆ. ಜೀವನವಿಡೀ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆದ ಮಂಡಿ ಅದು. ಆ ಹುಚ್ಚಿನಲ್ಲಿ ಸಂಘದ ಪಿಕ್‌ನಿಕ್‌ನಲ್ಲಿ ಹತ್ತು ಹನ್ನೆರಡು ಜನರದ್ದು ಅಳೆದೆ, ಕಂಪ್ಯೂಟರ್ ಮುಂದೆ ಕೂರುವ ಗಂಡಸರಿಗಿಂತ ಅವರ ಅಮ್ಮಂದಿರೇ ಜಾಸ್ತಿ ಮಡಚಿದರು.

ಕ್ಲಿನಿಕಲ್ಸ್, ಅಂದರೆ ನಿಜವಾದ ರೋಗಿಗಳ ಜೊತೆ ತರಬೇತಿ, ಒಟ್ಟು 16 ವಾರ ಇತ್ತು ಅಂತ ನೆನಪು, ವಾರಕ್ಕೆ 40 ಗಂಟೆ, ಒಂದು ಪೈಸೆ ಇಲ್ಲ, ಪೆಟ್ರೋಲ್ ನಮ್ಮದೇ. ಫೀಸು, ಪುಸ್ತಕ, ಯೂನಿಫಾರ್ಮ್ ಎಲ್ಲಾ ಸೇರಿ ಹತ್ತು ಹನ್ನೊಂದು ಸಾವಿರ ಡಾಲರ್ ಆಗಿರಬೇಕು.

ಲೈಸೆನ್ಸ್‌ಗೆ ಬೇಕಾದ ಪರೀಕ್ಷೆ ಎನ್‌ಪಿಟಿಇ ಮೊದಲ ಸಲ ಹೋಯಿತು. 600 ಬೇಕು, ನನಗೆ 580 ಚಿಲ್ಲರೆ. 485 ಡಾಲರ್ ಫೀ ನೀರಲ್ಲಿ ಹೋಮ, ಮುಂದಿನ ತಾರೀಕಿಗೆ ಮೂರು ತಿಂಗಳು ಕಾಯಬೇಕು. ಎಲ್ಲಿ ಎಡವಿದೆ ಅಂತ ನೋಡಿದರೆ ಸ್ನಾಯುಗಳಲ್ಲಿ ಅಲ್ಲ, ಹೃದಯ ಮತ್ತು ಶ್ವಾಸಕೋಶದಲ್ಲಿ. ಅವಕ್ಕೆ ಲೆಜರ್ ಹಾಕಿರಲೇ ಇಲ್ಲ. ಹಾಕಿದೆ. ಎರಡನೇ ಸಲ 680 ದಾಟಿತು. ನಕ್ಕ ಹುಡುಗಿಯರಲ್ಲಿ ಇಬ್ಬರು ಆ ಪುಸ್ತಕದ ಫೋಟೋ ಕೇಳಿದರು, ಕೊಟ್ಟೆ, ಪ್ಲೆಕ್ಸಸ್ ಪುಟ ಬಿಟ್ಟು.

ಇಎಡಿ (ಇಲ್ಲಿ ಕೆಲಸ ಮಾಡಲು ಅನುಮತಿಯ ಕಾರ್ಡ್) ಕೈಯಲ್ಲಿತ್ತು, ಕೆಲಸ ಬೇಗ ಸಿಕ್ಕಿತು. ಗಂಟೆಗೆ 31 ಡಾಲರ್. ಈಗ ಅತ್ತೆ ಊರಿಂದ ವಿಡಿಯೋ ಕಾಲ್ ಮಾಡಿ ಪಕ್ಕದ ಮನೆಯವರ ಮಂಡಿಯನ್ನು ಕ್ಯಾಮೆರಾ ಮುಂದೆ ಹಿಡಿಸುತ್ತಾರೆ. ರೋಗಿಯ ಇವ್ಯಾಲ್ಯುಯೇಷನ್ ಥೆರಪಿಸ್ಟೇ ಮಾಡಬೇಕು ಅತ್ತೆ, ನಾನು ಮಾಡೋ ಹಾಗಿಲ್ಲ ಅಂದರೆ, "ನನ್ನ ಮಂಡಿ ಮಾತ್ರ ಮೂರು ಮೂರು ಸಲ ಅಳೆದೆ" ಅಂತ ಫೋನ್ ಇಟ್ಟುಬಿಡುತ್ತಾರೆ.