ಯೂರಿನ್ ನೋಡೋ ಮೈಕ್ರೋಸ್ಕೋಪಲ್ಲಿ ಕುಂದವಾಡ ಕೆರೆ

ನಾನು ದಾವಣಗೆರೆಯಲ್ಲಿ ಒಂದು ಲ್ಯಾಬಲ್ಲಿ ಟೆಕ್ನಿಷಿಯನ್, ಯೂರಿನ್ನು, ಸ್ಟೂಲು, ರಕ್ತ ಇಷ್ಟೇ ನಮ್ ಪ್ರಪಂಚ. ಶುಗರ್ ಬಾರ್ಡರಿಗೆ ಬಂತು ಅಂತ ಕುಂದವಾಡ ಕೆರೆ ಕಡೆ ವಾಕಿಂಗ್ ಶುರು ಮಾಡ್ದೆ, ಒಂದಿನ ಫೋಟೋ ತೆಗೆಯೋಕೆ ಅಂತ ನೀರಿನ ಹತ್ರ ಇಳಿದವನು ಕಲ್ಲಿನ ಮೇಲೆ ಜಾರಿ ಬಿದ್ದೆ. ಪ್ಯಾಂಟಿಗೆಲ್ಲಾ ಲೋಳೆ. ಹಸಿರು ಪಾಚಿ ಆಗಿದ್ರೆ ಬೈಕೊಂಡು ಸುಮ್ನಾಗ್ತಿದ್ದೆ, ಇದು ಟೀ ಬಣ್ಣ ಇತ್ತು, ಅದಕ್ಕೆ ಜೇಬಲ್ಲಿದ್ದ ಗುಟ್ಕಾ ಕವರಿಗೆ (ಈಗ ಬಿಟ್ಟಿದೀನಿ ಬಿಡ್ರಿ) ಒಂಚೂರು ಕೆರ್ಕೊಂಡು ಹೋದೆ.

ಲ್ಯಾಬಲ್ಲಿ ಯೂರಿನ್ ಸೆಡಿಮೆಂಟ್ ಮಾಡೋ ಹಂಗೆ ಮಾಡ್ದೆ, ನೀರಲ್ಲಿ ಕಲಸಿ ಟ್ಯೂಬಿಗೆ ಹಾಕಿ ಮಷೀನಲ್ಲಿ ನಿಮಿಷಕ್ಕೆ 1500 ಸುತ್ತಿನಂಗೆ ಐದು ನಿಮಿಷ ತಿರುಗಿಸಿ, ಮೇಲಿನ ನೀರು ಚೆಲ್ಲಿ ತಳದ್ದು ಒಂದು ಹನಿ ಸ್ಲೈಡಿಗೆ. 40ರ ಲೆನ್ಸಲ್ಲಿ ನೋಡ್ದೆ, ಮೊದಲು ಕ್ರಿಸ್ಟಲ್ ಅಂದ್ಕೊಂಡೆ, ಅಷ್ಟು ಅಚ್ಚುಕಟ್ಟು ಗೆರೆಗಳು. ಆಮೇಲೆ ಒಂದು ಕ್ರಿಸ್ಟಲ್ ಹೊರಟೇಬಿಡ್ತು! ದೋಣಿ ಥರ ಇದೆ, ಸೀದಾ ಮುಂದೆ ಹೋಗುತ್ತೆ, ನಿಲ್ಲುತ್ತೆ, ತಿರುಗದೇನೇ ಹಿಂದಕ್ಕೆ ಬರುತ್ತೆ. ನಮ್ ಪೆಥಾಲಜಿ ಡಾಕ್ಟರ್‌ನ ಕರೆದು ತೋರಿಸ್ದೆ. "ಡಯಾಟಂ ಕಣ್ರೀ ಇವು, ಒಂಥರಾ ಪಾಚಿ, ನೀರಲ್ಲಿ ಮುಳುಗಿ ಸತ್ತವರ ಮೂಳೆ ಮಜ್ಜೆಯಲ್ಲಿ ಹುಡುಕ್ತಾರೆ, ಫೊರೆನ್ಸಿಕ್ಕಲ್ಲಿ ಓದಿದ್ವಿ" ಅಂದ್ರು. ದೋಣಿ ಆಕಾರದ್ದಕ್ಕೆ ನಾವಿಕ್ಯುಲಾ ಅಂತಾರೆ, ಲ್ಯಾಟಿನ್‌ನಲ್ಲಿ ಪುಟ್ಟ ದೋಣಿ ಅಂತಾನೇ ಅರ್ಥ. ಐದಾರು ಆರ್‌ಬಿಸಿ (ಕೆಂಪು ರಕ್ತಕಣ) ಸಾಲಾಗಿ ನಿಲ್ಲಿಸಿದ್ರೆ ಎಷ್ಟು ಉದ್ದವೋ ಅಷ್ಟು ಉದ್ದ ಅದು.

ಅವತ್ತಿಂದ ಹುಚ್ಚು ಹಿಡೀತು. ಡಯಾಟಂ ಅಂದ್ರೆ ಒಂದೇ ಜೀವಕೋಶ, ಅದರ ಸುತ್ತ ಗಾಜಿನ ಡಬ್ಬಿ, ಅಂದ್ರೆ ಸಿಲಿಕಾ. ಡಬ್ಬಿಗೆ ಮುಚ್ಚಳ ಒಂದು, ತಳ ಒಂದು. ಕೋಶ ಎರಡಾದಾಗ ಒಬ್ಬ ಮುಚ್ಚಳ ತಗೋತಾನೆ, ಇನ್ನೊಬ್ಬ ತಳ ತಗೊಂಡು ಅದನ್ನೇ ಮುಚ್ಚಳ ಮಾಡ್ಕೊಂಡು ಒಳಗಡೆ ಇನ್ನೂ ಸಣ್ಣ ತಳ ಕಟ್ಕೋತಾನೆ, ಹಿಂಗಾಗಿ ಆ ಕಡೆ ವಂಶ ಬರ್ತಾ ಬರ್ತಾ ಗಿಡ್ಡ ಆಗುತ್ತೆ. ತೀರಾ ಗಿಡ್ಡ ಆದಾಗ ಕೂಡಿ ಸಂತಾನ ಮಾಡಿ, ಹಳೇ ಡಬ್ಬಿ ಬಿಸಾಕಿ ಉಬ್ಬಿ, ಮತ್ತೆ ದೊಡ್ಡ ಡಬ್ಬಿ ಕಟ್ತಾವೆ. ಆಸ್ತಿ ಪಾಲು ಮಾಡ್ಕೊಂಡು ಸಣ್ಣ ಆಗೋದು ನಮ್ ಕಡೆ ಹೊಲಕ್ಕೂ ಉಂಟು, ಆದ್ರೆ ಮತ್ತೆ ದೊಡ್ಡದು ಮಾಡೋ ವಿದ್ಯೆ ನಮಗೆ ಬರಲ್ಲ.

ಗೆರೆ ಸರಿಯಾಗಿ ಕಾಣಬೇಕಂದ್ರೆ ಒಳಗಿನ ಜೀವದ್ರವ್ಯ ಸುಟ್ಟು ಬರೀ ಚಿಪ್ಪು ಉಳಿಸಬೇಕು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ವಾಟರ್ ಬಾತಲ್ಲಿ ಬಿಸಿ ಇಟ್ಟೆ (ಸ್ಟ್ರಾಂಗ್ ಇರುತ್ತೆ, ಗ್ಲೌಸ್, ಕನ್ನಡಕ ಇಲ್ದೆ ಮುಟ್ಟಬೇಡಿ, ಉಕ್ಕಿ ಬರುತ್ತೆ), ಬಣ್ಣ ಹೋಗೋವರೆಗೂ ಕಾದು ಆಮೇಲೆ ತೊಳೆಯೋದು. ಬೋರ್ ನೀರಲ್ಲಿ ತೊಳೆದು ಮೊದಲ ಸಲ ಕೆಟ್ಟೆ, ಒಣಗಿದ ಮೇಲೆ ಸ್ಲೈಡ್ ತುಂಬ ಬರೀ ಉಪ್ಪು. ಡಿಸ್ಟಿಲ್ಡ್ ವಾಟರೇ ಬೇಕು, ನಾಲ್ಕೈದು ಸಲ. ಎರಡನೇ ಸಲ ಚೆನ್ನಾಗೇ ಬಂತು, ಪರ್ಮನೆಂಟ್ ಇರ್ಲಿ ಅಂತ ಡಿಪಿಎಕ್ಸ್ (ಸ್ಲೈಡಿಗೆ ಹಾಕೋ ಅಂಟು) ಹಾಕಿ ಕವರ್‌ಸ್ಲಿಪ್ ಮುಚ್ಚಿ ನೋಡಿದ್ರೆ ಒಂದೂ ಇಲ್ಲ!! ತೊಳೆಯುವಾಗ ಚೆಲ್ಲಿಬಿಟ್ಟೆ ಅಂತ ಮೂರು ದಿನ ಬೇಜಾರಲ್ಲಿದ್ದೆ. ಅವು ಅಲ್ಲೇ ಇದ್ವು. ಗ್ಲಿಸರಿನ್ ಒಳಗೆ ಗಾಜಿನ ಕಡ್ಡಿ ಅದ್ದಿದ್ರೆ ಮಾಯ ಆಗಲ್ವಾ, ಅದೇ ಕಥೆ. ಡಿಪಿಎಕ್ಸ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಲೆಕ್ಕ) ಸುಮಾರು 1.52, ಸಿಲಿಕಾ ಚಿಪ್ಪಿಂದು 1.45 ಆಸುಪಾಸು, ಎರಡೂ ಹತ್ತತ್ರ ಇದ್ರೆ ಬೆಳಕು ಬಾಗೋದೇ ಕಮ್ಮಿ. ಈಗ ಏನೂ ಹಾಕಲ್ಲ, ಒಣಗಿಸಿ ಗಾಳಿಯಲ್ಲೇ ನೋಡ್ತೀನಿ, ಒಂದೊಂದು ಗೆರೆ ಎಣಿಸಬಹುದು.

ಇನ್ನೊಂದು, ಇದು ನಮ್ ಲ್ಯಾಬ್ ಬುದ್ಧಿ. ಸ್ಟೂಲ್ ಟೆಸ್ಟಿಗೆ ಇಡೋ ಲ್ಯೂಗಾಲ್ಸ್ ಅಯೋಡಿನ್ ಕೆರೆ ನೀರಿಗೆ ಟೀ ಬಣ್ಣ ಬರೋವಷ್ಟು ಹಾಕಿ ರಾತ್ರಿ ಇಟ್ರೆ ತೇಲೋವೆಲ್ಲಾ ಸತ್ತು ತಳಕ್ಕೆ ಕೂರ್ತಾವೆ, ಬಲೆ ಗಿಲೆ ಬೇಕಿಲ್ಲ. ಆಗ ನೋಡಿ, ಹಸಿರು ಪಾಚಿಯೊಳಗೆ ಕಪ್ಪು ಚುಕ್ಕೆ ಬರುತ್ತೆ, ಡಯಾಟಂ ಕಂದು ಬಣ್ಣದಲ್ಲೇ ಇರುತ್ತೆ. ಹಸಿರು ಪಾಚಿ ಪಿಷ್ಟ ಕೂಡಿಡುತ್ತೆ, ಡಯಾಟಂ ಎಣ್ಣೆ ಕೂಡಿಡುತ್ತೆ, ಒಳಗೆ ಎಣ್ಣೆ ಹನಿ ಹೊಳೀತಾ ಇರುತ್ತೆ. ನೀರಲ್ಲಿರೋರಿಗೆ ಇದು ತುಪ್ಪದೂಟ. ರೋಟಿಫರ್, ಸೈಕ್ಲಾಪ್ಸ್ ಅನ್ನೋ ಪುಟಾಣಿ ನೀರುಪ್ರಾಣಿಗಳು ಇವನ್ನ ತಿಂತಾವೆ, (ಸೈಕ್ಲಾಪ್ಸ್ ಅಂದ್ರೆ ನಾರು ಹುಣ್ಣಿನ ಹುಳದ ಮರೀನ ಹೊಟ್ಟೇಲಿ ಇಟ್ಕೊಂಡು ಆ ಕಾಯಿಲೆ ಹರಡ್ತಿದ್ದಿದ್ದು, 2000ದಲ್ಲಿ ಭಾರತದಿಂದ ಆ ಕಾಯಿಲೆ ಹೋಯ್ತು ಅಂತ ಘೋಷಣೆ ಆಯ್ತು), ಅವನ್ನ ಕಾಟ್ಲಾ ಮೀನು ತಿನ್ನುತ್ತೆ, ಕಾಟ್ಲಾನ ನಾವು. ಸಮುದ್ರದ್ದೂ ಸೇರಿಸಿದ್ರೆ ಇಡೀ ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಶೇ. 20 ಈ ಡಬ್ಬಿಗಳದ್ದೇ ಅಂತಾರೆ.

ಚಿಪ್ಪಿನ ಅಮೀಬಾನೂ ಸಿಕ್ತು, ನನಗೆ ಅದೇ ಜಾಸ್ತಿ ಇಷ್ಟ. ಅಮೀಬಾ ಅಂದ್ರೆ ನಮಗೆ ಭೇದಿ ಕೇಸಷ್ಟೇ ಗೊತ್ತು, ಇದು ಆರ್ಸೆಲ್ಲಾ, ಮೇಲಿಂದ ನೋಡಿದ್ರೆ ಥೇಟ್ ಉದ್ದಿನ ವಡೆ, ಮಧ್ಯೆ ತೂತು, ಆ ತೂತಿಂದ ಕಾಲು ಹೊರಗೆ ಚಾಚುತ್ತೆ. ಹೊಸ ಚಿಪ್ಪಿಗೆ ಬಣ್ಣಾನೇ ಇರಲ್ಲ, ವಯಸ್ಸಾದಂಗೆ ಕಂದು, ಎಣ್ಣೇಲಿ ಬಿಟ್ಟ ವಡೆ ಥರಾನೇ. ಇದರ ನೆಂಟ ಡಿಫ್ಲುಜಿಯಾ ಮರಳಿನ ಕಣ ಅಂಟಿಸ್ಕೊಂಡು ಗಡಿಗೆ ಕಟ್ಕೊಳುತ್ತೆ. ಮಗಳು ಕಾರವಾರಕ್ಕೆ ಟೂರ್ ಹೋದಾಗ ಬೀಚಿನ ಮರಳು ತರಿಸ್ದೆ, ಅದರಲ್ಲಿ ಫೋರಾಮಿನಿಫೆರಾ ಸಿಕ್ತು, ಸಣ್ಣ ಶಂಖದಂಗೆ ಸುತ್ತಿಕೊಂಡಿದ್ದು, ಇದೂ ಒಂದೇ ಕೋಶದ್ದು. ವಿನಿಗರ್ ಬಿಟ್ರೆ ಗುಳ್ಳೆ ಎದ್ದು ಕರಗುತ್ತೆ, ಯಾಕಂದ್ರೆ ಅದು ಸುಣ್ಣ. ಡಯಾಟಂ ವಿನಿಗರ್‌ಗೆ ಜಗ್ಗಲ್ಲ.

ಮೊನ್ನೆ ಹಿರಿಯೂರಿನ ಅಳಿಯನಿಗೆ ಫೋನ್ ಮಾಡಿ ವಾಣಿವಿಲಾಸ ಸಾಗರದ ನೀರು ಕಳಿಸಪ್ಪಾ ಅಂದೆ, 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು, ತಳದಲ್ಲಿ ಎಷ್ಟು ಚಿಪ್ಪು ಬಿದ್ದಿರಬೇಕು ಅಂತ ಆಸೆ. ಅವನು ಬಾಟ್ಲಿಗೆ ಕಂಠಪೂರ್ತಿ ತುಂಬಿ, ಬಿರಡೆಗೆ ಟೇಪ್ ಸುತ್ತಿ ಬಸ್ಸಲ್ಲಿ ಹಾಕಿದ್ದ, ನಾನು ಬಿಚ್ಚಿದ್ದು ಎರಡು ದಿನ ಬಿಟ್ಟು. ಆ ವಾಸನೆಗೆ ರಿಸೆಪ್ಷನ್‌ನಲ್ಲಿ ಕೂತಿದ್ದ ಪೇಷಂಟುಗಳೇ ಎದ್ದು ಹೊರಗೆ ಹೋದ್ರು. "ಮಾವಾ, ನೀವೇ ತಾನೆ ಜಾಸ್ತಿ ಕಳಿಸು ಅಂದಿದ್ದು" ಅಂತಾನೆ. ಮುಕ್ಕಾಲು ತುಂಬ್ಸು, ಮೇಲೆ ಗಾಳಿಗೆ ಜಾಗ ಬಿಡು, ಟೇಪ್ ಬೇಡ ಅಂತ ಹೇಳಿದೀನಿ, ಭಾನುವಾರ ಇನ್ನೊಂದು ಬಾಟ್ಲಿ ಬರ್ತೈತೆ.